ಮಾದಕ ವಸ್ತು ಜಾಗೃತಿ: ಸ್ಮಾರ್ಟ್ ಕ್ಲಾಸಿನ ತೆರೆಯ ಮುಂದೆ ಮಕ್ಕಳೇಕೆ ಮಾತನಾಡುವುದಿಲ್ಲ?

ಕರ್ನಾಟಕದ ಪ್ರೌಢಶಾಲೆಗಳ ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ವ್ಯಸನದ ವಿಷಯಕ್ಕೆ ಮೀಸಲಾದ ದಿನಗಳಿಗೆ ಕೊರತೆಯಿಲ್ಲ. ಶಾಲೆ ಪುನರಾರಂಭವಾಗುವ ಹೊತ್ತಿಗೇ ಮೇ 31ರ ವಿಶ್ವ ತಂಬಾಕು ರಹಿತ ದಿನ ಬರುತ್ತದೆ. ಅದರ ಬೆನ್ನಿಗೆ ಜೂನ್ 26ರ ಅಂತರರಾಷ್ಟ್ರೀಯ ಮಾದಕ ವಸ್ತು ವಿರೋಧಿ ದಿನ, ಆಗಸ್ಟ್ 1ರ ವ್ಯಸನಮುಕ್ತ ದಿನ, ಅಕ್ಟೋಬರ್ 2ರ ಗಾಂಧಿ ಜಯಂತಿ. ಆ ದಿನಗಳಂದು ಪ್ರಾರ್ಥನೆಯ ವೇಳೆ ಪ್ರತಿಜ್ಞಾವಿಧಿ ಬೋಧಿಸಲಾಗುತ್ತದೆ, ಜಾಥಾ ಹೊರಡುತ್ತದೆ, ಪ್ರಬಂಧ ಮತ್ತು ಭಿತ್ತಿಪತ್ರ ಸ್ಪರ್ಧೆಗಳು ನಡೆಯುತ್ತವೆ, ಠಾಣೆಯಿಂದ ಒಬ್ಬ ಅಧಿಕಾರಿ ಬಂದು ಮಾತನಾಡುತ್ತಾರೆ. ಈಚಿನ ವರ್ಷಗಳಲ್ಲಿ ಇದಕ್ಕೆ ಸ್ಮಾರ್ಟ್ ಕ್ಲಾಸ್ ಕೊಠಡಿಯೂ ಸೇರಿಕೊಂಡಿದೆ. ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಕಿಟಕಿ ಮುಚ್ಚಿ, ಪ್ರೊಜೆಕ್ಟರ್‌ನಲ್ಲಿ ಒಂದು ವಿಡಿಯೊ ತೋರಿಸಿದರೆ ಆ ದಿನದ ಕಾರ್ಯಕ್ರಮ ಪೂರ್ಣಗೊಂಡಿತೆಂದು ಎಣಿಸಲಾಗುತ್ತದೆ.

ಬಿ.ಎಡ್. ಎರಡನೇ ವರ್ಷದ ಇಂಟರ್ನ್‌ಶಿಪ್‌ಗಾಗಿ ಹುಣಸೂರು ಭಾಗದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತಿರುವ ನನಗೆ, ಇಂತಹ ಕಾರ್ಯಕ್ರಮಗಳ ನಂತರ ಕೊಠಡಿಯಲ್ಲಿ ಉಳಿಯುವ ಮೌನ ಚಿಂತೆಗೆ ಹಚ್ಚಿದೆ. ದ್ಯುತಿಸಂಶ್ಲೇಷಣೆಯ ಬಗ್ಗೆ ಕೈ ಎತ್ತಿ ಹತ್ತು ಪ್ರಶ್ನೆ ಕೇಳುವ ಮಕ್ಕಳು ಹೆಂಡ, ಬೀಡಿ, ಗಾಂಜಾದ ವಿಷಯ ಬಂದಾಗ ಏನನ್ನೂ ಕೇಳುವುದಿಲ್ಲ. ಇದು ಮಕ್ಕಳ ನಿರಾಸಕ್ತಿಯೆಂದು ನನಗನಿಸುವುದಿಲ್ಲ. ಜಾಗೃತಿ ಕಾರ್ಯಕ್ರಮವೂ ತರಗತಿಯ ತಂತ್ರಜ್ಞಾನವೂ ನಮ್ಮಲ್ಲಿ ಒಂದೇ ದಿಕ್ಕಿಗೆ ಹರಿಯುವ ಮಾತಾಗಿ ರೂಪುಗೊಂಡಿವೆ. ಎರಡನ್ನೂ ಜೋಡಿಸಿದಾಗ ಮಗುವಿಗೆ ಮರಳಿ ಮಾತನಾಡಲು ಇದ್ದ ಸಣ್ಣ ಅವಕಾಶವೂ ಇಲ್ಲವಾಗುತ್ತದೆ. ಈ ವಿಷಯದಲ್ಲಿ ಯಾವುದೇ ಉಪಕರಣವನ್ನು ತರಗತಿಗೆ ತರುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ತನ್ನ ಗುರುತು ಬಯಲಾಗದಂತೆ, ಯಾರ ಶಿಕ್ಷೆಗೂ ಗುರಿಯಾಗದಂತೆ ಮಗು ತನ್ನ ಸಂದೇಹವನ್ನು ಕೇಳಲು ಈ ಉಪಕರಣ ದಾರಿ ಮಾಡಿಕೊಡುತ್ತದೆಯೇ?

ಮೊದಲು ವಸ್ತುಗಳ ವಿಚಾರ. ಸಿದ್ಧ ವಿಡಿಯೊಗಳಲ್ಲಿ ಸಾಮಾನ್ಯವಾಗಿ ಕಾಣುವುದು ಬಿಳಿ ಪುಡಿ, ಸಿರಿಂಜು, ಮಹಾನಗರದ ಪಾರ್ಟಿ ಮತ್ತು ಪೊಲೀಸ್ ವಾಹನ. ಭಾರತದ ಮಕ್ಕಳು ಎದುರಿಸುವ ವಾಸ್ತವ ಬೇರೆಯೇ ಇದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷದೊಳಗಿನವರಲ್ಲಿ ಶೇ 14.6ರಷ್ಟು ಮಂದಿ ಮದ್ಯ ಸೇವಿಸುತ್ತಾರೆ. ಗಾಂಜಾ, ಭಂಗಿಯಂತಹ ಪದಾರ್ಥಗಳನ್ನು ಬಳಸುವವರು ಶೇ 2.8ರಷ್ಟು. ಅದೇ ಸಮೀಕ್ಷೆಯ ಒಂದು ಅಂಶವನ್ನು ಶಿಕ್ಷಕರು ಮುಖ್ಯವಾಗಿ ಗಮನಿಸಬೇಕು. ಮೂಸುವ ದ್ರಾವಕಗಳ, ಅಂದರೆ ಪಂಕ್ಚರ್ ಸಲ್ಯೂಷನ್, ವೈಟ್ನರ್, ಥಿನ್ನರ್‌ಗಳ ಬಳಕೆ ವಯಸ್ಕರಲ್ಲಿ ಶೇ 0.58ರಷ್ಟಿದ್ದರೆ 10ರಿಂದ 17 ವರ್ಷದ ಮಕ್ಕಳಲ್ಲಿ ಶೇ 1.17ರಷ್ಟಿದೆ. ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಬಳಕೆಯಲ್ಲಿರುವ ಏಕೈಕ ವರ್ಗ ಇದು. ಸೈಕಲ್ ಅಂಗಡಿಯಲ್ಲೂ ಪುಸ್ತಕದಂಗಡಿಯಲ್ಲೂ ಸಿಗುವ ಈ ವಸ್ತುಗಳು ಯಾವ ಮಾದಕ ದ್ರವ್ಯದ ಚಿತ್ರಕ್ಕೂ ಹೊಂದುವುದಿಲ್ಲವಾದ್ದರಿಂದ, ಹೆರಾಯಿನ್ ಕುರಿತ ವಿಡಿಯೊ ನೋಡಿದ ಹುಡುಗ ತನ್ನ ಗೆಳೆಯನ ಕರವಸ್ತ್ರದ ವಾಸನೆಯನ್ನು ಆ ಪಾಠದೊಂದಿಗೆ ಜೋಡಿಸುವುದೇ ಇಲ್ಲ.

ತಂಬಾಕಿನ ವಿಚಾರವಂತೂ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಮತ್ತಷ್ಟು ಜಟಿಲ. ಮಳೆಯಾಶ್ರಯದಲ್ಲಿ ಬೆಳೆಯುವ ವರ್ಜೀನಿಯಾ ತಂಬಾಕು ಇಲ್ಲಿನ ಸಾವಿರಾರು ಕುಟುಂಬಗಳ ಮುಖ್ಯ ನಗದು ಬೆಳೆ. ಹೊಗೆಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ (ಸೊಪ್ಪು ಹದ ಮಾಡುವ ಮನೆಗೆ) ಏರಿಸಿ, ಸೌದೆ ಉರಿಸಿ ಹದ ಮಾಡಿ, ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ಒಯ್ಯುವವರೆಗಿನ ಕೆಲಸದಲ್ಲಿ ಇಡೀ ಮನೆ ತೊಡಗಿರುತ್ತದೆ. ಮಗುವಿನ ಸಮವಸ್ತ್ರ, ಅಕ್ಕನ ಕಾಲೇಜು ಶುಲ್ಕ, ಮನೆಯ ಮೇಲಿನ ಹೆಂಚು ಎಲ್ಲವೂ ಆ ಸೊಪ್ಪಿನಿಂದಲೇ ಬಂದಿರುತ್ತವೆ. ಅಂತಹ ಮಗುವಿನ ಎದುರು ತೆರೆಯ ಮೇಲೆ ಕ್ಯಾನ್ಸರ್ ಪೀಡಿತ ಬಾಯಿಯ ಚಿತ್ರ ತೋರಿಸಿ ‘ತಂಬಾಕು ವಿಷ’ ಎಂದಷ್ಟೇ ಹೇಳಿ ಮುಂದಕ್ಕೆ ಹೋದರೆ, ಮಗುವಿನ ಕಿವಿಗೆ ಬೀಳುವುದು ತನ್ನ ಅಪ್ಪ ಅಮ್ಮನ ಮೇಲಿನ ದೋಷಾರೋಪಣೆ. ಅಲ್ಲಿಗೆ ಅದರ ಮನಸ್ಸಿನ ಬಾಗಿಲು ಮುಚ್ಚುತ್ತದೆ.

ಆದರೆ ಇದೇ ಮಗುವಿನ ಬಳಿ ಬೇರಾವ ಊರಿನ ಮಗುವಿನ ಬಳಿಯೂ ಇಲ್ಲದ ಪೂರ್ವಜ್ಞಾನವಿದೆ. ಇಬ್ಬನಿ ಅಥವಾ ಮಳೆಯಿಂದ ಒದ್ದೆಯಾದ ಹಸಿ ಸೊಪ್ಪನ್ನು ಮುರಿದವರಿಗೆ ತಲೆಸುತ್ತು, ವಾಕರಿಕೆ, ವಾಂತಿ ಬರುವುದುಂಟು. ಎಲೆಯ ಮೇಲಿನ ನೀರಿನಲ್ಲಿ ಕರಗಿದ ನಿಕೋಟಿನ್ ಚರ್ಮದ ಮೂಲಕ ರಕ್ತಕ್ಕೆ ಸೇರುವುದೇ ಇದಕ್ಕೆ ಕಾರಣ. ನಿಕೋಟಿನ್ ದೇಹವನ್ನು ಹೇಗೆ ಪ್ರವೇಶಿಸುತ್ತದೆ, ಹೊಗೆಯ ಮೂಲಕವಾದರೆ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ಹೇಗೆ ತಲುಪುತ್ತದೆ, ಮೊದಮೊದಲು ವಾಕರಿಕೆ ತರಿಸಿದ ವಸ್ತುವಿಗೆ ದೇಹ ಹೇಗೆ ಒಗ್ಗಿಕೊಂಡು ನಂತರ ಅದನ್ನೇ ಬೇಡತೊಡಗುತ್ತದೆ ಎಂಬುದನ್ನು ಈ ಅನುಭವದಿಂದ ಆರಂಭಿಸಿ ವಿವರಿಸಿದಾಗ ತರಗತಿಯ ಚಹರೆಯೇ ಬದಲಾಗುತ್ತದೆ. ಮಕ್ಕಳು ತಾವು ಕಂಡದ್ದನ್ನು ಹೇಳತೊಡಗುತ್ತಾರೆ. ಕೈಗೆ ಚೀಲ ಕಟ್ಟಿಕೊಂಡು ಸೊಪ್ಪು ಮುರಿಯಬೇಕೆಂಬ ಸಲಹೆ ಅವರ ಮನೆಗೆ ಹೋಗುತ್ತದೆ. ಇದಕ್ಕೆ ಪ್ರೊಜೆಕ್ಟರ್ ಬೇಕೇಬೇಕೆಂದಿಲ್ಲ; ಇದ್ದರೆ ಎಲೆ, ಚರ್ಮ ಮತ್ತು ರಕ್ತನಾಳದ ಒಂದು ಸರಳ ರೇಖಾಚಿತ್ರ ಸಾಕು.

ಮಕ್ಕಳು ಹೆಸರು ಬರೆಯದೆ ಚೀಟಿ ಹಾಕಬಹುದಾದ ಒಂದು ಪೆಟ್ಟಿಗೆಯನ್ನು ಮಾರ್ಗದರ್ಶಕ ಶಿಕ್ಷಕರ ಒಪ್ಪಿಗೆ ಪಡೆದು ತರಗತಿಯಲ್ಲಿಟ್ಟಾಗ ನಾನು ನಿರೀಕ್ಷಿಸಿದ್ದು ಗಾಂಜಾದ ಬಗೆಗಿನ ಕುತೂಹಲವನ್ನು. ಚೀಟಿಗಳಲ್ಲಿ ಹೆಚ್ಚಾಗಿ ಬಂದದ್ದು ಮನೆಯ ವಿಚಾರ. ‘ಅಪ್ಪ ಕುಡಿಯೋದು ಬಿಡಬೇಕು ಅಂದ್ರೆ ಯಾವ ಆಸ್ಪತ್ರೆಗೆ ಹೋಗಬೇಕು ಮಿಸ್?’, ‘ಕುಡಿಯೋರ ಮಕ್ಕಳೂ ಮುಂದೆ ಕುಡೀತಾರಂತೆ, ನಿಜಾನಾ?’, ‘ಕಡ್ಡಿಪುಡಿ (ಜಗಿಯುವ ತಂಬಾಕು) ತಗೊಂಡು ಬಾ ಅಂತ ಅಜ್ಜಿ ಕಳಿಸಿದ್ರೆ ನಾನು ಏನು ಹೇಳಲಿ?’ ಜಾಗೃತಿ ಕಾರ್ಯಕ್ರಮಗಳು ಪ್ರತಿ ಮಗುವನ್ನೂ ಮುಂದೊಂದು ದಿನ ವ್ಯಸನಿಯಾಗಬಹುದಾದ ವ್ಯಕ್ತಿಯೆಂದು ಕಲ್ಪಿಸಿಕೊಂಡು ಮಾತನಾಡುತ್ತವೆ. ಮಕ್ಕಳಲ್ಲಿ ಅನೇಕರು ಈಗಾಗಲೇ ವ್ಯಸನಿಯೊಬ್ಬರ ಜೊತೆ ಒಂದೇ ಸೂರಿನಡಿ ಬದುಕುತ್ತಿದ್ದಾರೆ. 2019ರ ಸಮೀಕ್ಷೆಯೇ ಹೇಳುವಂತೆ ಪುರುಷರಲ್ಲಿ ಶೇ 27.3ರಷ್ಟು ಮಂದಿ ಮದ್ಯ ಸೇವಿಸುತ್ತಾರೆ, ಮತ್ತು ಮದ್ಯಕ್ಕೆ ಅವಲಂಬಿತರಾದವರಲ್ಲಿ 38 ಮಂದಿಯ ಪೈಕಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ದೊರೆತಿದೆ. ಈ ಎರಡು ಸಂಖ್ಯೆಗಳ ನಡುವಿನ ನೋವನ್ನು ಹೊತ್ತು ಬರುವ ಮಗುವಿಗೆ ‘ಮದ್ಯಪಾನ ಮಾಡುವವನು ಕುಟುಂಬದ ಶತ್ರು’ ಎಂಬ ಘೋಷಣೆ ಕೂಗಿಸುವುದು ಕ್ರೌರ್ಯವೆಂದೇ ನನ್ನ ಭಾವನೆ.

ಭಯ ಹುಟ್ಟಿಸುವ ಬೋಧನೆ ಏಕೆ ಫಲ ನೀಡುವುದಿಲ್ಲ ಎಂಬುದಕ್ಕೆ ದೊಡ್ಡ ಪ್ರಮಾಣದ ಅನುಭವ ಅಮೆರಿಕದಲ್ಲಿದೆ. 1983ರಲ್ಲಿ ಲಾಸ್ ಏಂಜಲೀಸ್‌ನ ಪೊಲೀಸ್ ಇಲಾಖೆ ಮತ್ತು ಶಾಲಾ ಆಡಳಿತ ಸೇರಿ ‘ಡೇರ್’ ಎಂಬ ಕಾರ್ಯಕ್ರಮ ಆರಂಭಿಸಿದವು. ಸಮವಸ್ತ್ರ ಧರಿಸಿದ ಪೊಲೀಸರೇ ತರಗತಿಗೆ ಬಂದು ಮಾದಕ ವಸ್ತುಗಳ ಅಪಾಯಗಳನ್ನು ಬೋಧಿಸುತ್ತಿದ್ದರು, ಮಕ್ಕಳು ಪ್ರತಿಜ್ಞೆ ಸ್ವೀಕರಿಸುತ್ತಿದ್ದರು. ಕಾರ್ಯಕ್ರಮ ಜನಪ್ರಿಯವಾಗಿ ದೇಶದುದ್ದಕ್ಕೂ ಹರಡಿತು. ಆದರೆ 1990ರ ದಶಕದಲ್ಲಿ ನಡೆದ ಮೌಲ್ಯಮಾಪನಗಳು, ಇದರಲ್ಲಿ ಭಾಗವಹಿಸಿದ ಮತ್ತು ಭಾಗವಹಿಸದ ಮಕ್ಕಳ ನಡುವೆ ಮಾದಕ ವಸ್ತು ಬಳಕೆಯಲ್ಲಿ ಗಣನೀಯ ವ್ಯತ್ಯಾಸವಿಲ್ಲವೆಂದು ಒಂದಾದ ಮೇಲೊಂದರಂತೆ ತೋರಿಸಿದವು. 2001ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಇದನ್ನು ಫಲಕಾರಿಯಲ್ಲದ ಕಾರ್ಯಕ್ರಮಗಳ ಸಾಲಿಗೆ ಸೇರಿಸಿತು. 2009ರ ಹೊತ್ತಿಗೆ ಡೇರ್ ಸಂಸ್ಥೆಯೇ ತನ್ನ ಹಳೆಯ ಪಠ್ಯವನ್ನು ಬದಿಗಿಟ್ಟು, ನಿರ್ಧಾರ ಕೈಗೊಳ್ಳುವ ಮತ್ತು ನಿರಾಕರಿಸುವ ಕೌಶಲಗಳನ್ನು ಆಧರಿಸಿದ ಬೇರೊಂದು ಪಠ್ಯಕ್ರಮವನ್ನು ಅಳವಡಿಸಿಕೊಂಡಿತು.

ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ 2013ರಲ್ಲಿ ಪ್ರಕಟಿಸಿ, 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೊಂದಿಗೆ ಪರಿಷ್ಕರಿಸಿದ ತಡೆಗಟ್ಟುವಿಕೆಯ ಅಂತರರಾಷ್ಟ್ರೀಯ ಮಾನದಂಡಗಳು ಇದೇ ಅನುಭವಗಳನ್ನು ಕ್ರೋಡೀಕರಿಸಿವೆ. ಕೇವಲ ಉಪನ್ಯಾಸ ನೀಡುವುದು, ಅದರಲ್ಲೂ ಭಯ ಹುಟ್ಟಿಸುವ ಮಾಹಿತಿಯನ್ನಷ್ಟೇ ಕೊಡುವುದು, ಹಿಂದೆ ವ್ಯಸನಿಗಳಾಗಿದ್ದವರನ್ನು ಕರೆಸಿ ಅನುಭವ ಹೇಳಿಸುವುದು, ಪೊಲೀಸರಿಂದ ಪಾಠ ಮಾಡಿಸುವುದು, ನೈತಿಕ ಮೌಲ್ಯಗಳ ಬೋಧನೆಗೇ ಸೀಮಿತವಾಗುವುದು ಇವೆಲ್ಲ ಫಲ ನೀಡುವುದಿಲ್ಲ ಅಥವಾ ವ್ಯತಿರಿಕ್ತ ಪರಿಣಾಮವನ್ನೂ ಉಂಟುಮಾಡಬಹುದು ಎಂದು ಆ ದಾಖಲೆ ಸ್ಪಷ್ಟವಾಗಿ ಪಟ್ಟಿ ಮಾಡುತ್ತದೆ. ನಮ್ಮ ಶಾಲೆಗಳ ಜೂನ್ 26ರ ಕಾರ್ಯಕ್ರಮ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಬೇಸರವಾಗುತ್ತದೆ. ಫಲ ಕಂಡದ್ದೆಂದು ಅದೇ ದಾಖಲೆ ಹೇಳುವುದು ತರಬೇತಿ ಪಡೆದವರು ವಾರಕ್ಕೊಂದರಂತೆ ಸಾಮಾನ್ಯವಾಗಿ 10ರಿಂದ 15 ಅವಧಿಗಳಲ್ಲಿ ನಡೆಸುವ, ಮಕ್ಕಳು ಸ್ವತಃ ಮಾತನಾಡುವ, ಅಭಿನಯಿಸುವ, ಅಭ್ಯಾಸ ಮಾಡುವ ಪಾಠಗಳನ್ನು. ಹದಿಹರೆಯದ ಮಿದುಳಿನಲ್ಲಿ ಪರಿಣಾಮವನ್ನು ಮುಂದಾಲೋಚಿಸಿ ತಡೆಯುವ ಭಾಗ ಇಪ್ಪತ್ತರ ವಯಸ್ಸು ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. ಮೂವತ್ತು ವರ್ಷಗಳ ನಂತರ ಬರುವ ಕ್ಯಾನ್ಸರಿನ ಚಿತ್ರ, ಸಂಜೆ ಗೆಳೆಯರ ನಡುವೆ ಒಬ್ಬಂಟಿಯಾಗುವ ಭಯದ ಮುಂದೆ ನಿಲ್ಲಲಾರದು.

ನಮ್ಮ ನೆಲದಲ್ಲೇ ಇದಕ್ಕೆ ಭಿನ್ನವಾದ ಒಂದು ಮಾದರಿಯಿದೆ. ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುವುದು ಇಳಕಲ್ಲಿನ ಮಹಾಂತ ಶಿವಯೋಗಿಗಳ ಜನ್ಮದಿನವೆಂಬ ಕಾರಣಕ್ಕೆ. 1970ರ ದಶಕದಿಂದ ಅವರು ಜೋಳಿಗೆ ಹಿಡಿದು ಊರೂರು ತಿರುಗಿ, ದವಸ ಧಾನ್ಯದ ಬದಲು ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಜನ ಬೀಡಿ, ತಂಬಾಕು, ಮದ್ಯದ ಬಾಟಲಿಗಳನ್ನು ಆ ಜೋಳಿಗೆಗೆ ಹಾಕಿ ಬಿಟ್ಟೆವೆಂದು ಮಾತು ಕೊಟ್ಟರು. ‘ಮಹಾಂತ ಜೋಳಿಗೆ’ಯ ಬಲವಿದ್ದದ್ದು ಅದರ ಕೇಳುವ ರೀತಿಯಲ್ಲಿ. ಎದುರಿಗಿದ್ದವನನ್ನು ಪಾಪಿಯೆಂದು ಕರೆಯದೆ, ಕೊಡುವವನ ಸ್ಥಾನದಲ್ಲಿ ನಿಲ್ಲಿಸಿ, ಕಣ್ಣಲ್ಲಿ ಕಣ್ಣಿಟ್ಟು ಒಬ್ಬೊಬ್ಬರನ್ನೇ ಕೇಳಿದ ಕ್ರಮ ಅದು. ಶಾಲೆಯಲ್ಲಿ ಆ ದಿನ ಅವರ ಭಾವಚಿತ್ರಕ್ಕೆ ಹಾರ ಹಾಕಿ ಸಾಮೂಹಿಕ ಪ್ರತಿಜ್ಞೆ ಓದಿಸುವಾಗ, ನಾಲ್ಕು ನೂರು ಮಕ್ಕಳು ಒಂದೇ ದನಿಯಲ್ಲಿ ಹೇಳುವ ಮಾತಿನಲ್ಲಿ ಆ ವೈಯಕ್ತಿಕ ಸಂಬಂಧ ಉಳಿಯುವುದಿಲ್ಲ.

ಕೌಶಲಾಧಾರಿತ ಪಾಠವೆಂದರೆ ಏನು ಎಂಬುದಕ್ಕೂ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಪ್ರೌಢಶಾಲಾ ಶಿಕ್ಷಕರೇ ನಡೆಸಬಹುದಾದ ಜೀವನ ಕೌಶಲ ಶಿಕ್ಷಣದ ಮಾದರಿಯನ್ನು ಬಹಳ ಹಿಂದೆಯೇ ರೂಪಿಸಿ, ಕರ್ನಾಟಕದ ಶಾಲೆಗಳಲ್ಲಿ ಪ್ರಯೋಗಿಸಿ, ಫಲಿತಾಂಶವನ್ನು 2010ರಲ್ಲಿ ಪ್ರಕಟಿಸಿದ್ದಾರೆ. ಕೇಂದ್ರ ಸರ್ಕಾರವೂ 2020ರ ಆಗಸ್ಟ್ 15ರಂದು ಆರಂಭಿಸಿದ ನಶಾ ಮುಕ್ತ ಭಾರತ ಅಭಿಯಾನದ ಮುಂದುವರಿಕೆಯಾಗಿ ‘ನವಚೇತನ’ ಎಂಬ ಶಿಕ್ಷಕರ ಕೈಪಿಡಿಗಳನ್ನು ಹೊರತಂದಿದೆ. ಇವುಗಳ ತಿರುಳು ಒಂದೇ: ಒತ್ತಡದ ಸನ್ನಿವೇಶವನ್ನು ಗುರುತಿಸುವುದು, ಸಂಬಂಧ ಕೆಡಿಸಿಕೊಳ್ಳದೆ ಬೇಡವೆನ್ನುವುದು, ಬೇಸರ ಮತ್ತು ಸಿಟ್ಟನ್ನು ನಿಭಾಯಿಸುವುದು, ಸಹಾಯ ಕೇಳುವುದು. ಈ ಒಂದೊಂದನ್ನೂ ತರಗತಿಯಲ್ಲಿ ಮಾಡಿ ನೋಡಬೇಕು. ಈಜನ್ನು ದಡದಲ್ಲಿ ನಿಂತು ವಿವರಿಸಿದರೆ ಯಾರೂ ಈಜಲು ಕಲಿಯುವುದಿಲ್ಲ.

ತಂತ್ರಜ್ಞಾನ ಸಾರ್ಥಕವಾಗುವ ಜಾಗವೂ ಇದೇ. ಪೂರ್ಣ ವಿಡಿಯೊ ತೋರಿಸುವ ಬದಲು ಒಂದೆರಡು ನಿಮಿಷದ ತುಣುಕೊಂದನ್ನು, ‘ಒಂದ್ಸಲ ಎಳಿ ಮಗಾ, ಏನೂ ಆಗಲ್ಲ’ ಎಂದು ಗೆಳೆಯ ಕೈ ಚಾಚುವ ಕ್ಷಣದಲ್ಲಿ ನಿಲ್ಲಿಸಿದರೆ ಮುಂದಿನ ಮಾತನ್ನು ಮಕ್ಕಳೇ ಬರೆಯಬೇಕಾಗುತ್ತದೆ. ನೇರವಾಗಿ ಬೇಡವೆನ್ನುವವರು, ನೆಪ ಹೇಳಿ ಜಾರಿಕೊಳ್ಳುವವರು, ಗೆಳೆಯನನ್ನೇ ಅಲ್ಲಿಂದ ಕರೆದೊಯ್ಯುವವರು ಹೀಗೆ ಹಲವು ಉತ್ತರಗಳು ಬರುತ್ತವೆ. ಅವುಗಳನ್ನು ಗುಂಪುಗಳಲ್ಲಿ ಅಭಿನಯಿಸಿದಾಗ, ಬರೆಯುವಾಗ ಸುಲಭವೆನಿಸಿದ್ದು ಹೇಳುವಾಗ ಎಷ್ಟು ಕಷ್ಟವೆಂದು ಅವರಿಗೇ ತಿಳಿಯುತ್ತದೆ. ಅಜ್ಜಿಗೆ ಕಡ್ಡಿಪುಡಿ ತರಲು ಹೊರಟ ಹುಡುಗಿಯ ಸನ್ನಿವೇಶ ಇವೆಲ್ಲಕ್ಕಿಂತ ಕಠಿಣ. ಅಲ್ಲಿ ಎದುರಿಗಿರುವುದು ಕೆಟ್ಟ ಸಹವಾಸವಲ್ಲ, ಪ್ರೀತಿಯ ಅಜ್ಜಿ; ಯಾವ ಸಿದ್ಧ ವಿಡಿಯೊದಲ್ಲೂ ನಾನು ಆಕೆಯನ್ನು ಕಂಡಿಲ್ಲ.

ಸಂಖ್ಯೆಗಳನ್ನು ತೆರೆಯ ಮೇಲೆ ತೋರಿಸುವುದಕ್ಕೂ ಒಂದು ಕ್ರಮವಿದೆ. ಹದಿಹರೆಯದವರು ತಮ್ಮ ಓರಗೆಯವರಲ್ಲಿ ವ್ಯಸನವಿರುವವರ ಪ್ರಮಾಣವನ್ನು ವಾಸ್ತವಕ್ಕಿಂತ ಹೆಚ್ಚಾಗಿ ಊಹಿಸುತ್ತಾರೆ, ಮತ್ತು ‘ಎಲ್ಲರೂ ಮಾಡುತ್ತಾರೆ’ ಎಂಬ ಆ ಊಹೆಯೇ ಒತ್ತಡವಾಗಿ ಕೆಲಸ ಮಾಡುತ್ತದೆ. 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ನೂರಕ್ಕೆ ಎಷ್ಟು ಮಂದಿ ತಂಬಾಕು ಬಳಸಬಹುದೆಂದು ಮೊದಲು ಚೀಟಿಯಲ್ಲಿ ಬರೆಸಿ, ನಂತರ 2019ರ ಜಾಗತಿಕ ಯುವಜನ ತಂಬಾಕು ಸಮೀಕ್ಷೆ ಭಾರತದಲ್ಲಿ ಕಂಡದ್ದು ಶೇ 8.5 ಎಂಬುದನ್ನು ಸ್ತಂಭಾಲೇಖದಲ್ಲಿ ತೋರಿಸಿದರೆ, ಆ ಎರಡರ ಅಂತರವೇ ಪಾಠವಾಗುತ್ತದೆ. ನೂರರಲ್ಲಿ ತೊಂಬತ್ತೊಂದು ಮಕ್ಕಳು ಈಗ ಬಳಸುತ್ತಿಲ್ಲವೆಂಬ ಸತ್ಯ, ಬಳಸುವವರ ಸಂಖ್ಯೆಯನ್ನು ಗಾಬರಿಯಿಂದ ಘೋಷಿಸುವುದಕ್ಕಿಂತ ಹೆಚ್ಚು ಧೈರ್ಯ ಕೊಡುತ್ತದೆ.

ಇನ್ನು ಗುರುತಿನ ಪ್ರಶ್ನೆ. ಆನ್‌ಲೈನ್ ನಮೂನೆಯ ಮೂಲಕ ‘ನೀವು ಎಂದಾದರೂ ಮಾದಕ ವಸ್ತು ಬಳಸಿದ್ದೀರಾ’ ಎಂದು ಮಕ್ಕಳನ್ನು ಕೇಳುವುದು ಪ್ರಶಿಕ್ಷಣಾರ್ಥಿಗಳಿಗೆ ಬಹಳ ಆಕರ್ಷಕವಾಗಿ ಕಾಣುತ್ತದೆ: ಉತ್ತರಗಳು ತಾವಾಗಿಯೇ ಪಟ್ಟಿಯಾಗುತ್ತವೆ, ವರದಿಗೆ ನಕ್ಷೆ ಸಿದ್ಧವಾಗುತ್ತದೆ. ಇದನ್ನು ಮಾಡಬಾರದೆಂದು ನಾನು ದೃಢವಾಗಿ ಹೇಳುತ್ತೇನೆ. ಹಳ್ಳಿಯ ಬಹುತೇಕ ಮನೆಗಳಲ್ಲಿ ಮಗು ಬಳಸುವ ಮೊಬೈಲ್ ಅಪ್ಪನದು ಅಥವಾ ಅಣ್ಣನದು. ಇಮೇಲ್ ಖಾತೆಯೂ ಅವರದೇ. ಅಪ್ಪನ ಕುಡಿತದ ಬಗ್ಗೆ ಮಗು ಏನನ್ನೋ ಬರೆದರೆ ಅದು ಅಪ್ಪನ ಫೋನಿನಲ್ಲೇ ಉಳಿಯುತ್ತದೆ. ನಮೂನೆಯನ್ನು ಸಿದ್ಧಪಡಿಸಿದವರ ಖಾತೆಯಲ್ಲಿ ಉತ್ತರಗಳು ಎಷ್ಟು ಕಾಲ ಇರುತ್ತವೆ, ಇಂಟರ್ನ್‌ಶಿಪ್ ಮುಗಿದ ಮೇಲೆ ಅವು ಏನಾಗುತ್ತವೆ ಎಂಬುದಕ್ಕೆ ಯಾವ ಕಟ್ಟುಪಾಡೂ ಇರುವುದಿಲ್ಲ. 18 ವರ್ಷದೊಳಗಿನವರ ವೈಯಕ್ತಿಕ ದತ್ತಾಂಶವನ್ನು ಬಳಸಲು ಪೋಷಕರ ದೃಢೀಕರಿಸಬಹುದಾದ ಒಪ್ಪಿಗೆ ಬೇಕೆಂಬ ತತ್ವವನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮುಂದಿಡುತ್ತದೆ. ಈ ವಿಷಯದಲ್ಲಿ ಪೋಷಕರೇ ಸಮಸ್ಯೆಯ ಭಾಗವಾಗಿರಬಹುದು ಎಂಬುದು ಮತ್ತೊಂದು ತೊಡಕು. ಎಲ್ಲರೂ ಒಂದೇ ಅಳತೆಯ ಕಾಗದದಲ್ಲಿ ಏನನ್ನಾದರೂ ಬರೆದು, ಪ್ರಶ್ನೆಯಿಲ್ಲದವರು ‘ಪ್ರಶ್ನೆ ಇಲ್ಲ’ ಎಂದಾದರೂ ಬರೆದು ಹಾಕುವ ರಟ್ಟಿನ ಪೆಟ್ಟಿಗೆ, ಓದಿದ ಮೇಲೆ ಹರಿದು ಹಾಕಬಹುದಾದ ಚೀಟಿ ಇಲ್ಲಿ ಯಾವ ಆ್ಯಪ್‌ಗಿಂತಲೂ ಉತ್ತಮ ತಂತ್ರಜ್ಞಾನ. ಕೈಬರಹದಿಂದ ಗುರುತು ಹತ್ತದಿರಲೆಂದು ಚೀಟಿಗಳನ್ನು ಶಿಕ್ಷಕರೇ ಓದಬೇಕು, ಮಕ್ಕಳ ಕೈಗೆ ಕೊಡಬಾರದು.

ಇದೇ ಕಾರಣಕ್ಕೆ, ಕಾರ್ಯಕ್ರಮದ ಸಾಕ್ಷ್ಯವಾಗಿ ಛಾಯಾಚಿತ್ರಗಳನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳುಹಿಸುವ ರೂಢಿಗೂ ಇಲ್ಲಿ ಮಿತಿ ಬೇಕು. ಜಾಥಾದ ಚಿತ್ರದಿಂದ ಹಾನಿಯಿಲ್ಲ. ಶಿಕ್ಷಕರೊಂದಿಗೆ ಪ್ರತ್ಯೇಕವಾಗಿ ಮಾತನಾಡಲು ಕುಳಿತ ಐದಾರು ಮಕ್ಕಳ ಚಿತ್ರ ಮಾತ್ರ ಊರಿಗೆಲ್ಲ ಬೇರೆಯೇ ಕತೆ ಹೇಳುತ್ತದೆ.

ಮೂಲಸೌಕರ್ಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಶಾಲೆಗಳ ಅಂಕಿಅಂಶ ಕಲೆಹಾಕುವ ಕೇಂದ್ರ ಸರ್ಕಾರದ 2024–25ರ ಯುಡೈಸ್ ಪ್ಲಸ್ ವರದಿಯಂತೆ ದೇಶದ ಶೇ 64.7ರಷ್ಟು ಶಾಲೆಗಳಲ್ಲಿ ಕಂಪ್ಯೂಟರ್ ಸೌಲಭ್ಯವೂ ಶೇ 63.5ರಷ್ಟು ಶಾಲೆಗಳಲ್ಲಿ ಇಂಟರ್ನೆಟ್ ಸಂಪರ್ಕವೂ ಇದೆ. ಪಠ್ಯಪುಸ್ತಕದ ಕ್ಯೂಆರ್ ಸಂಕೇತಗಳು ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾಗೆ ಕೊಂಡೊಯ್ಯುತ್ತವೆ, ಸೇವಾನಿರತ ಶಿಕ್ಷಕರಿಗೆ ‘ಟಾಲ್ಪ್’ ಕಾರ್ಯಕ್ರಮದಡಿ ಕಂಪ್ಯೂಟರ್ ತರಬೇತಿ ದೊರೆತಿದೆ. ಯುನೆಸ್ಕೊ ತನ್ನ 2023ರ ಜಾಗತಿಕ ಶಿಕ್ಷಣ ವರದಿಯನ್ನು ಪೂರ್ತಿಯಾಗಿ ತಂತ್ರಜ್ಞಾನಕ್ಕೇ ಮೀಸಲಿಟ್ಟು, ಅದು ಶಿಕ್ಷಕರೊಂದಿಗಿನ ಮುಖಾಮುಖಿ ಒಡನಾಟಕ್ಕೆ ಪೂರಕವಾಗಬೇಕೇ ಹೊರತು ಅದರ ಸ್ಥಾನ ಆಕ್ರಮಿಸಬಾರದೆಂದು ಹೇಳಿತು. ಮಾದಕ ವಸ್ತುಗಳ ಪಾಠಕ್ಕೆ ಅನ್ವಯಿಸಿದಷ್ಟು ಈ ಮಾತು ಬೇರಾವ ಪಾಠಕ್ಕೂ ಅನ್ವಯಿಸಲಾರದು.

ಶಾಲೆಯ ತೆರೆಗಿಂತ ಮಗುವಿನ ಕೈಯಲ್ಲಿರುವ ತೆರೆಯೇ ಹೆಚ್ಚು ಪ್ರಭಾವಶಾಲಿ. ಗ್ರಾಮೀಣ ಭಾರತದ ಶಿಕ್ಷಣ ಸ್ಥಿತಿಗತಿ ಕುರಿತ 2024ರ ಅಸರ್ ವರದಿಯ ಪ್ರಕಾರ, 14ರಿಂದ 16 ವರ್ಷದವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಸಮೀಕ್ಷೆಯ ಹಿಂದಿನ ವಾರದಲ್ಲಿ ಕಲಿಕೆಗಾಗಿ ಅದನ್ನು ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದವರು ಶೇ 76. ದೇಶದಾದ್ಯಂತ ಇ-ಸಿಗರೇಟನ್ನು 2019ರಲ್ಲೇ ನಿಷೇಧಿಸಲಾಗಿದ್ದರೂ ಅದರ ಹೊಗೆಯ ಚಮತ್ಕಾರ ತೋರಿಸುವ ಕಿರುವಿಡಿಯೊಗಳು ಆ ಫೋನಿನಲ್ಲಿ ಕಾಣಸಿಗುತ್ತವೆ. ಶಿಕ್ಷಕರು ತರಗತಿಯಲ್ಲಿ ನೇರವಾಗಿ ಇಂಟರ್ನೆಟ್‌ನಿಂದ ವಿಡಿಯೊ ಹಚ್ಚಿದರೆ, ಅದು ಮುಗಿದೊಡನೆ ತಾನಾಗಿ ಬರುವ ಮುಂದಿನ ವಿಡಿಯೊ ಯಾವುದೆಂಬುದು ಅವರ ಹಿಡಿತದಲ್ಲಿರುವುದಿಲ್ಲ. ಮೊದಲೇ ಪೂರ್ತಿ ನೋಡಿ, ಇಳಿಸಿಕೊಂಡು ತರುವುದೇ ಸರಿ. ಕೃತಕ ಬುದ್ಧಿಮತ್ತೆಯ ಸಂವಾದ ತಂತ್ರಾಂಶಗಳೂ ಈಗ ಮಕ್ಕಳ ಕೈಗೆ ಬಂದಿವೆ. ಅವು ಕನ್ನಡದಲ್ಲಿ ಸರಾಗವಾಗಿ, ಆತ್ಮವಿಶ್ವಾಸದಿಂದ ಉತ್ತರಿಸುತ್ತವೆ, ತಪ್ಪನ್ನೂ ಅದೇ ಆತ್ಮವಿಶ್ವಾಸದಿಂದ ಹೇಳುತ್ತವೆ. ಒಂದೇ ಪ್ರಶ್ನೆಗೆ ತಂತ್ರಾಂಶ ಕೊಟ್ಟ ಉತ್ತರವನ್ನೂ ಪಠ್ಯಪುಸ್ತಕದ ವಿವರಣೆಯನ್ನೂ ಪಕ್ಕಪಕ್ಕ ಇಟ್ಟು ಪರಿಶೀಲಿಸುವುದು ಒಳ್ಳೆಯ ವಿಜ್ಞಾನ ಚಟುವಟಿಕೆಯಾಗಬಹುದು. ನೊಂದ ಮಗುವಿಗೆ ಆಪ್ತ ಸಲಹೆಗಾರನಾಗಿ ಅದನ್ನು ಸೂಚಿಸುವುದು ಸರಿಯಲ್ಲ.

ಇಲ್ಲಿಯೇ ಇನ್ನೊಂದು ಎಚ್ಚರ ಅಗತ್ಯ. ಮದ್ಯ, ಗಾಂಜಾ, ಮೊಬೈಲ್ ಎಲ್ಲವನ್ನೂ ‘ವ್ಯಸನ’ವೆಂಬ ಒಂದೇ ಪಟ್ಟಿಯಲ್ಲಿ ಬರೆದು ಬೋಧಿಸುವ ಅಭ್ಯಾಸ ಹೆಚ್ಚುತ್ತಿದೆ. ಫೋನಿನ ಅತಿಬಳಕೆ ನಿಜವಾದ ಸಮಸ್ಯೆ. ನಿಮ್ಹಾನ್ಸ್ 2014ರಿಂದಲೇ ಇದಕ್ಕಾಗಿ ‘ಶಟ್’ ಎಂಬ ಪ್ರತ್ಯೇಕ ಚಿಕಿತ್ಸಾಲಯ ನಡೆಸುತ್ತಿದೆ, ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ಗೇಮಿಂಗ್ ಅಸ್ವಸ್ಥತೆಗೂ ಸ್ಥಾನವಿದೆ. ಆದರೆ ಬೆಳಿಗ್ಗೆ ಮೊಬೈಲ್ ಮಾದಕ ವಸ್ತುವಿನಂತೆ ಎಂದು ಹೇಳಿದ ಶಿಕ್ಷಕರೇ ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ಮನೆಗೆಲಸ ಕಳುಹಿಸಿದಾಗ ಮಗು ಎರಡೂ ಮಾತನ್ನು ಹಗುರವಾಗಿ ತೆಗೆದುಕೊಳ್ಳುತ್ತದೆ. ಫೋನಿನ ಹದವಾದ ಬಳಕೆಯನ್ನು ಕಲಿಸಬೇಕಾಗಿದೆ. ಪಂಕ್ಚರ್ ಸಲ್ಯೂಷನ್ ಮೂಸುವುದರಲ್ಲಿ ಹದವೆಂಬುದು ಇಲ್ಲ, ಮೊದಲ ಸಲವೇ ಹೃದಯದ ಬಡಿತ ತಪ್ಪಿ ಸಾವು ಸಂಭವಿಸಬಹುದು. ಈ ಭೇದವನ್ನು ಅಳಿಸಬಾರದು.

ಮಗುವೊಂದು ಮನಸ್ಸು ಬಿಚ್ಚಿ ಹೇಳಿಕೊಂಡರೆ ಮುಂದೇನು ಎಂಬುದನ್ನು ಜಾಗೃತಿ ಕಾರ್ಯಕ್ರಮ ರೂಪಿಸುವವರು ಮೊದಲೇ ಯೋಚಿಸಿರಬೇಕು. ಬಾಲನ್ಯಾಯ ಕಾಯ್ದೆ 2015ರ 77ನೇ ಕಲಂ ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಡುವವರಿಗೆ ಏಳು ವರ್ಷದವರೆಗೆ ಕಠಿಣ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಅಂದರೆ ಕಾನೂನಿನ ಗುರಿ ಕೊಟ್ಟವನು. 1985ರ ಮಾದಕ ವಸ್ತು ನಿಯಂತ್ರಣ ಕಾಯ್ದೆಯ 64ಎ ಕಲಮಿನಲ್ಲಿಯೂ ಸ್ವಇಚ್ಛೆಯಿಂದ ಚಿಕಿತ್ಸೆಗೆ ಒಳಗಾಗುವ ವ್ಯಸನಿಗೆ, ಸೇವನೆ ಮತ್ತು ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ, ವಿಚಾರಣೆಯಿಂದ ರಕ್ಷಣೆಯಿದೆ. ಇದನ್ನು ಮಕ್ಕಳಿಗೂ ಪೋಷಕರಿಗೂ ಹೇಳದೆ ಜೈಲಿನ ಚಿತ್ರವನ್ನಷ್ಟೇ ತೋರಿಸಿದರೆ ಸಹಾಯ ಬೇಕಾದವರು ಇನ್ನಷ್ಟು ಅಡಗಿಕೊಳ್ಳುತ್ತಾರೆ. ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ-ಮಾನಸ್ 14416, ಮಕ್ಕಳ ರಕ್ಷಣೆಗೆ 1098. ಈ ಮೂರು ಸಂಖ್ಯೆಗಳು ಸ್ಮಾರ್ಟ್ ಕ್ಲಾಸಿನ ಸ್ಲೈಡಿನಲ್ಲಿ ಮಿಂಚಿ ಮಾಯವಾಗುವ ಬದಲು ಶೌಚಾಲಯದ ದಾರಿಯ ಗೋಡೆಯ ಮೇಲೆ, ಯಾರೂ ನೋಡದಿರುವಾಗ ಓದಿಕೊಳ್ಳಬಹುದಾದ ಕಡೆ ಇರಬೇಕು. ‘ಅಪ್ಪನನ್ನು ಯಾವ ಆಸ್ಪತ್ರೆಗೆ’ ಎಂದು ಕೇಳಿದ ಮಗುವಿಗೆ ಕೊಡಬಹುದಾದ ಉತ್ತರವೂ ಇದೆ: ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಒದಗಿಸುವ ವ್ಯವಸ್ಥೆಯನ್ನು ಕರ್ನಾಟಕ ರೂಪಿಸಿದೆ.

ಶಿಕ್ಷಕ ಶಿಕ್ಷಣದಲ್ಲಿ ತಂತ್ರಜ್ಞಾನದ ಬಳಕೆ ಮತ್ತು ಮಗುವಿನ ನೋವಿಗೆ ಸ್ಪಂದಿಸುವ ಬಗೆ ಎಂಬ ಎರಡು ವಿಷಯಗಳು ಪರಸ್ಪರ ಭೇಟಿಯಾಗುವುದೇ ಇಲ್ಲ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಾವಳಿಯ ನಂತರ ಬಿ.ಎಡ್. ಎರಡು ವರ್ಷಗಳದ್ದಾಗಿ, ಇಪ್ಪತ್ತು ವಾರಗಳ ಶಾಲಾ ಅನುಭವ ಕಡ್ಡಾಯವಾಯಿತು. ಮಾಹಿತಿ ಮತ್ತು ಸಂವಹನ ತಂತ್ರಜ್ಞಾನವನ್ನು ವಿಮರ್ಶಾತ್ಮಕವಾಗಿ ಅರಿಯುವ ಪತ್ರಿಕೆಯೊಂದು, ತನ್ನನ್ನು ತಾನು ಅರಿಯುವ ಪತ್ರಿಕೆಯೊಂದು ಪಠ್ಯಕ್ರಮಕ್ಕೆ ಬಂದವು. ಮೊದಲನೆಯದರಲ್ಲಿ ನಾವು ಸ್ಲೈಡ್ ತಯಾರಿಕೆ ಕಲಿಯುತ್ತೇವೆ, ಎರಡನೆಯದರಲ್ಲಿ ಡೈರಿ ಬರೆಯುತ್ತೇವೆ. ಮಗು ಅಳುತ್ತಾ ಎದುರು ನಿಂತಾಗ ಏನು ಮಾಡಬೇಕು, ಯಾವುದನ್ನು ದಾಖಲಿಸಬಾರದು, ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂಬುದರ ಅಭ್ಯಾಸ ಎರಡರಲ್ಲೂ ಇಲ್ಲ. ನಿಮ್ಹಾನ್ಸ್ ಮಾದರಿಯ ಜೀವನ ಕೌಶಲ ಅವಧಿಗಳನ್ನು ನಡೆಸುವುದನ್ನು ಇಂಟರ್ನ್‌ಶಿಪ್‌ನ ಅಂಕಗಳಿರುವ ಭಾಗವಾಗಿಸಿದರೆ, ಹೊಸ ಹಣವಿಲ್ಲದೆಯೇ ಪ್ರತಿ ವರ್ಷ ಸಾವಿರಾರು ತರಗತಿಗಳಿಗೆ ಅದು ತಲುಪುತ್ತದೆ. ಆದರೆ ಪ್ರಶಿಕ್ಷಣಾರ್ಥಿ ಕೆಲವು ತಿಂಗಳಲ್ಲಿ ಹೊರಟುಹೋಗುವವರು. ಮಗುವಿನ ಗುಟ್ಟು ತಿಳಿದ ಏಕೈಕ ವ್ಯಕ್ತಿ ಅವರಾಗಿರುವುದು ಅಪಾಯಕಾರಿ. ಶಾಲೆಯಲ್ಲೇ ಇರುವ ಒಬ್ಬ ಶಿಕ್ಷಕ ಅಥವಾ ಶಿಕ್ಷಕಿ, ಮಕ್ಕಳೇ ನಂಬಿಕೆಯಿಂದ ಸೂಚಿಸಿದವರು, ಮೊದಲ ದಿನದಿಂದಲೇ ಜೊತೆಗಿರಬೇಕು.

ಕೊನೆಯದಾಗಿ, ಎಲ್ಲ ಹೊಣೆಯನ್ನೂ ಮಗುವಿನ ಮನೋಬಲದ ಮೇಲೆ ಹೊರಿಸುವುದು ನ್ಯಾಯವಲ್ಲ. ತಂಬಾಕು ಮಾರಾಟದ ಕನಿಷ್ಠ ವಯಸ್ಸನ್ನು ಕರ್ನಾಟಕದ ತಿದ್ದುಪಡಿ ಕಾಯ್ದೆ 2025ರಲ್ಲಿ ಜಾರಿಗೆ ಬಂದು 21ಕ್ಕೆ ಏರಿಸಿದೆ, ಶಾಲೆಯ 100 ಮೀಟರ್ ಒಳಗೆ ಮಾರಾಟವನ್ನೂ ಬಿಡಿ ಸಿಗರೇಟಿನ ಮಾರಾಟವನ್ನೂ ನಿಷೇಧಿಸಿದೆ. 2013ರಲ್ಲೇ ಗುಟ್ಕಾ ನಿಷೇಧವಾಗಿದ್ದರೂ ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದು ಪೊಟ್ಟಣದಲ್ಲಿ ಬರುವುದು ನಿಂತಿಲ್ಲ. ತಂಬಾಕು ಮುಕ್ತ ಶಿಕ್ಷಣ ಸಂಸ್ಥೆಯ ಮಾರ್ಗಸೂಚಿ ಹೇಳುವ, ಮಾರಾಟ ನಿಷೇಧದ ಗಡಿ ಸೂಚಿಸುವ ಹಳದಿ ಗೆರೆಯನ್ನು ಎಳೆಯುವುದು ಗಣಿತದ ಒಳ್ಳೆಯ ಚಟುವಟಿಕೆ: ಮಕ್ಕಳು ಟೇಪು ಹಿಡಿದು ಗೇಟಿನಿಂದ ಅಳೆದು, ಕಂಪ್ಯೂಟರ್ ಕೊಠಡಿಯಲ್ಲಿ ಊರಿನ ನಕ್ಷೆ ತೆರೆದು ಆ ವೃತ್ತವನ್ನು ಬರೆಯಬಹುದು. ವೃತ್ತದೊಳಗಿನ ಅಂಗಡಿಗಳ ಹೆಸರು ಗುರುತಿಸುವ ಕೆಲಸವನ್ನು ಮಾತ್ರ ಮಕ್ಕಳಿಗೆ ವಹಿಸಬಾರದು. ನಾಳೆ ಅದೇ ಅಂಗಡಿಗೆ ಅವರು ಉಪ್ಪು, ಎಣ್ಣೆಗೆ ಹೋಗಬೇಕಾದವರು. ನಕ್ಷೆಯನ್ನು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯ ಮುಂದಿಟ್ಟು, ಮುಖ್ಯ ಶಿಕ್ಷಕರ ಪತ್ರದೊಂದಿಗೆ ಗ್ರಾಮ ಪಂಚಾಯಿತಿಗೂ ಠಾಣೆಗೂ ಕಳುಹಿಸುವುದು ದೊಡ್ಡವರ ಕೆಲಸ. ಪೊಲೀಸ್ ಅಧಿಕಾರಿ ಶಾಲೆಗೆ ಬಂದು ಭಾಷಣ ಮಾಡಲು ಮೀಸಲಿಡುವ ಒಂದು ಗಂಟೆಯನ್ನು ಆ ವೃತ್ತದೊಳಗಿನ ಅಂಗಡಿಗಳ ತಪಾಸಣೆಗೆ ಬಳಸಲಿ ಎಂಬುದು ಜೂನ್ 26ರ ಕಾರ್ಯಕ್ರಮಕ್ಕೆ ನಾನು ಲಿಖಿತವಾಗಿ ಕೊಟ್ಟಿರುವ ಸಲಹೆ.